ಹೊಟ್ಟೆ ಕಾಣುವ ಮೊದಲಿನ ವಾರಗಳು: ಗಾರ್ಮೆಂಟ್ಸ್ ಲೈನಿನ ಒಂದು ಬಸುರಿ ವಾಂತಿ ಪ್ರಕರಣ

ದಾವಣಗೆರೆ ಹೊರವಲಯದ ಒಂದು ಗಾರ್ಮೆಂಟ್ಸ್‌ನಲ್ಲಿ ನಾನು ಕಲ್ಯಾಣಾಧಿಕಾರಿ. ಟೈಲರ್‌ಗಳ ಬಾಯಲ್ಲಿ ವೆಲ್ಫೇರ್ ಮೇಡಂ. ಈ ಹೆಣ್ಣುಮಗಳು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಹೆಸರು, ಊರು, ಲೈನ್ (ಮಷೀನ್ ಸಾಲು) ನಂಬರ್ ಬಿಟ್ಟಿದ್ದೇನೆ. ಗುರುತು ಹತ್ತಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ.

ಆಕೆಗೆ 24 ವರ್ಷ. ಚೊಚ್ಚಲ ಬಸುರಿ. ಅಂಗಿಗೆ ಕಾಲರ್ ಕೂಡಿಸುವ ಕೆಲಸ; ಕೈ ಕುದುರಿದವರಿಗೆ ಮಾತ್ರ ಕೊಡುವ ಕೆಲಸ ಅದು. ಗಂಡ ಸಂಜೆ ಹೊತ್ತು ತಳ್ಳುಗಾಡಿಯಲ್ಲಿ ಮಂಡಕ್ಕಿ, ಮಿರ್ಚಿ ಮಾರುತ್ತಾನೆ. ಮನೆಯಲ್ಲಿ ಅತ್ತೆ ಇದ್ದಾರೆ. ಬೆಳಿಗ್ಗೆ ಎಂಟಕ್ಕೆ ಕಾರ್ಖಾನೆ ವ್ಯಾನ್ ಹತ್ತಿದರೆ ಮುಕ್ಕಾಲು ಗಂಟೆ ದಾರಿ, ಒಂಬತ್ತಕ್ಕೆ ಮಷೀನ್ ಮುಂದೆ ಕೂರಬೇಕು.

ಆಕೆಯ ವಿಷಯ ನನ್ನ ಮೇಜಿಗೆ ಬಂದದ್ದು ಶಿಸ್ತಿನ ದೂರಾಗಿ. ಪದೇ ಪದೇ ಮಷೀನ್ ಬಿಟ್ಟು ಏಳುತ್ತಾಳೆ, ಟೋಕನ್ ಇಲ್ಲದೆ ಶೌಚಾಲಯಕ್ಕೆ ಹೋಗುತ್ತಾಳೆ, ಹೇಳದೆ ಕೇಳದೆ ರಜೆ ಹಾಕುತ್ತಾಳೆ, ಪೀಸ್ ಅರ್ಧಕ್ಕೆ ಇಳಿದಿದೆ, ಮಷೀನ್ ಮೇಲೆ ತೂಕಡಿಸುತ್ತಾಳೆ ಎಂದು ಸೂಪರ್‌ವೈಸರ್ ಬರೆದು ಕೊಟ್ಟಿದ್ದರು. ನಾಲ್ಕು ವರ್ಷದಲ್ಲಿ ಆಕೆಯ ಮೇಲೆ ಒಂದು ದೂರೂ ಬಂದಿರಲಿಲ್ಲ. ಟೋಕನ್ ಅಂದರೆ, ನಮ್ಮಲ್ಲಿ ಒಂದು ಲೈನಿಗೆ ಎರಡು ಟೋಕನ್ ಇದ್ದವು. ಹೋದವರು ತಂದು ಕೊಟ್ಟರೆ ಮುಂದಿನವರು ಏಳಬಹುದು.

ಕರೆಸಿ ಕೂರಿಸಿದೆ. ಕಣ್ಣು ಒಳಗೆ ಹೋಗಿತ್ತು, ತುಟಿ ಒಣಗಿತ್ತು. ಇಂಥ ದೂರುಗಳನ್ನು ಓದಿ ಓದಿ ಅಭ್ಯಾಸವಾಗಿದೆ. ಬಾಗಿಲು ಹಾಕಿ, ‘ಎಷ್ಟು ದಿನ ಆತವ್ವ ಮುಟ್ಟು ನಿಂತು?’ ಅಂದೆ.

‘ಯಾರಿಗೂ ಹೇಳ್‌ಬ್ಯಾಡ್ರಿ ಮೇಡಂ. ಮೂರು ತುಂಬೋ ಗಂಟ ಬಾಯಿ ಬಿಡಬ್ಯಾಡ ಅಂದಾರೆ ನಮ್ಮತ್ತೆ.’

ಇಡೀ ಪ್ರಕರಣದ ಗಂಟು ಆ ಒಂದು ಮಾತಿನಲ್ಲಿತ್ತು. ಬಸುರಿನ ವಾಕರಿಕೆ ಸಾಮಾನ್ಯವಾಗಿ ಆರನೇ ವಾರದ ಹೊತ್ತಿಗೆ ಶುರುವಾಗುತ್ತದೆ, ಒಂಬತ್ತನೇ ವಾರದ ಆಚೀಚೆ ಜೋರಾಗುತ್ತದೆ, ಬಹಳ ಮಂದಿಗೆ 16ರಿಂದ 20ನೇ ವಾರದೊಳಗೆ ತಗ್ಗುತ್ತದೆ. ಹತ್ತು ಬಸುರಿಯರಲ್ಲಿ ಏಳೆಂಟು ಮಂದಿಗೆ ಅಷ್ಟೋ ಇಷ್ಟೋ ಇದ್ದೇ ಇರುತ್ತದೆ. ಮೂರು ತಿಂಗಳು ಯಾರಿಗೂ ಹೇಳಬಾರದು ಎಂಬ ರೂಢಿ ನಿಂತಿರುವುದೂ ಅದೇ ವಾರಗಳ ಮೇಲೆ. ಗರ್ಭ ಹೆಚ್ಚಾಗಿ ನಿಲ್ಲದೆ ಹೋಗುವುದು ಆ ಅವಧಿಯಲ್ಲಿಯೇ, ಹಾಗಾಗಿ ಹಿರಿಯರ ಅಂಜಿಕೆಗೆ ಕಾರಣವಿಲ್ಲ ಅನ್ನಲಾರೆ. ಆದರೆ ಕಾರ್ಖಾನೆಯೊಳಗೆ ಅದರ ಪರಿಣಾಮ ಬೇರೆ. ಐದನೇ ತಿಂಗಳಲ್ಲಿ ಹೊಟ್ಟೆ ಕಂಡ ಮೇಲೆ ವ್ಯಾನಿನಲ್ಲಿ ಮುಂದಿನ ಸೀಟು ಸಿಗುತ್ತದೆ, ಪಕ್ಕದವರು ಬಂಡಲ್ ಎತ್ತಿ ಕೊಡುತ್ತಾರೆ, ಸೂಪರ್‌ವೈಸರ್ ದನಿ ಇಳಿಸುತ್ತಾರೆ. ಅಷ್ಟು ಹೊತ್ತಿಗೆ ಆಕೆ ಕುಬಸದ ಊಟ ಹೊಟ್ಟೆ ತುಂಬ ಉಣ್ಣುವಷ್ಟು ಸರಿಹೋಗಿರುತ್ತಾಳೆ.

ಕಾನೂನೂ ಹೊಟ್ಟೆ ಕಂಡ ಮೇಲಿನದನ್ನೇ ಹೆಚ್ಚು ನೋಡುತ್ತದೆ. ಮೊದಲ ಎರಡು ಹೆರಿಗೆಗೆ 26 ವಾರದ ರಜೆ ಇದೆ, ಅದರಲ್ಲಿ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದಾದದ್ದು 8 ವಾರ. ಬಸುರಿ ಕೇಳಿಕೊಂಡರೆ ದಣಿವಿನ ಕೆಲಸ, ಹೊತ್ತುಗಟ್ಟಲೆ ನಿಂತು ಮಾಡುವ ಕೆಲಸ ಕೊಡಬಾರದು ಎಂಬ ನಿಯಮ ಇದೆ, ಅದು ಅನ್ವಯಿಸುವುದು ಹೆರಿಗೆಗೆ ಮುಂಚಿನ ಸುಮಾರು ಹತ್ತು ವಾರಕ್ಕೆ. ಏಳನೇ ವಾರದಲ್ಲಿ ಬಕೆಟ್ ಹಿಡಿದು ಕೂತವಳಿಗೆ ನೆರವಾಗುವುದು ಒಂದೇ ಒಂದು ಅವಕಾಶ. ಅದಕ್ಕೆ ಮುಂದೆ ಬರುತ್ತೇನೆ.

ಹೊತ್ತು ತಪ್ಪಿದ ಎರಡು ಮಾತ್ರೆ, ಮುಟ್ಟದ ಒಂದು ಬಾಟಲಿ

ಆಕೆಯ ದಿನವನ್ನು ಕೂತು ಕೇಳಿದೆ. ನಸುಕಿಗೆ ಎದ್ದ ಕೂಡಲೇ ಹಲ್ಲುಜ್ಜುತ್ತಾಳೆ, ಬ್ರಷ್ ನಾಲಿಗೆ ಹಿಂಭಾಗ ಮುಟ್ಟಿದರೆ ಮೊದಲ ವಾಂತಿ. ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಚುರ್ ಅಂದರೆ ಎರಡನೆಯದು. ಹೊಟ್ಟೆಗೆ ಏನೂ ಇಲ್ಲದೆ ವ್ಯಾನ್. ಲೈನಿನಲ್ಲಿ ಆಕೆಯ ಮಷೀನ್ ಇದ್ದದ್ದು ಐರನ್ ಸೆಕ್ಷನ್ ಹತ್ತಿರ: ಹಬೆ, ಬಟ್ಟೆಯ ಗಂಜಿ ವಾಸನೆ, ಜತೆಗೆ ಕಲೆ ತೆಗೆಯಲು ಸಿಂಪಡಿಸುವ ದ್ರಾವಣದ ಘಾಟು. ಮಧ್ಯಾಹ್ನ ಸಾಲಾಗಿ ಕೂತು ಎಲ್ಲರೂ ಡಬ್ಬಿ ತೆರೆದಾಗ ಇನ್ನೊಂದು ಸಲ. ರಾತ್ರಿ ಗಂಡ ಮನೆಗೆ ಬಂದರೆ ಆತನ ಅಂಗಿಯ ಕರಿದೆಣ್ಣೆ ವಾಸನೆ. ‘ಅವರು ಒಳಗೆ ಬಂದ್ರೆ ನಾನು ಹೊರಗೆ ಹೋಗ್ತೀನ್ರಿ’ ಅಂದಳು, ನಾಚಿಕೊಂಡು.

ಖಾಸಗಿ ಕ್ಲಿನಿಕ್ಕಿಗೆ ಒಮ್ಮೆ ಹೋಗಿ ಬಂದಿದ್ದಳು. ಡಾಕ್ಸಿಲಮೈನ್ ಮತ್ತು ಬಿ6 ಜೀವಸತ್ವ ಸೇರಿದ ಮಾತ್ರೆ ಕೊಟ್ಟಿದ್ದರು. ಬಸುರಿ ವಾಂತಿಗೆ ಮೊದಲು ಕೊಡುವುದು ಅದನ್ನೇ, ದಶಕಗಳಿಂದ ಬಳಕೆಯಲ್ಲಿರುವ ಔಷಧಿ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಅದು: ರಾತ್ರಿ ಮಲಗುವಾಗ ತೆಗೆದುಕೊಂಡರೆ ಬೆಳಗಿನ ಹೊತ್ತಿಗೆ ಕೆಲಸ ಮಾಡುತ್ತದೆ. ಈಕೆ ತಲೆನೋವಿನ ಮಾತ್ರೆಯಂತೆ, ವಾಂತಿ ಆದ ಮೇಲೆ, ವ್ಯಾನ್ ಹತ್ತುವಾಗ ನುಂಗುತ್ತಿದ್ದಳು. ಬೆಳಗಿನ ವಾಂತಿಗೆ ಅದು ತಲುಪುತ್ತಿರಲಿಲ್ಲ. ಡಾಕ್ಸಿಲಮೈನ್ ನಿದ್ದೆ ತರಿಸುವ ಔಷಧಿ, ಹಾಗಾಗಿ ಹನ್ನೊಂದರ ಹೊತ್ತಿಗೆ ಕಣ್ಣು ಎಳೆಯುತ್ತಿತ್ತು. ಸೂಪರ್‌ವೈಸರ್ ಬರೆದ ‘ತೂಕಡಿಕೆ’ ಇದು. ಓಡುವ ಸೂಜಿಯ ಕೆಳಗೆ ಬೆರಳಿಟ್ಟು ತೂಕಡಿಸುವುದು ಎಂಥ ಅಪಾಯ ಎಂದು ಟೈಲರ್‌ಗಳಿಗೆ ಹೇಳಬೇಕಿಲ್ಲ.

ಎರಡನೇ ಮಾತ್ರೆ ಅಕ್ಕನ ಮನೆಯಲ್ಲಿ ಉಳಿದಿದ್ದ ಕೆಂಪು ಕಬ್ಬಿಣಾಂಶದ ಮಾತ್ರೆ. ರಕ್ತ ಆಗಲಿ ಎಂದು ಬರೀ ಹೊಟ್ಟೆಗೆ ತೆಗೆದುಕೊಳ್ಳುತ್ತಿದ್ದಳು. ಸರ್ಕಾರಿ ಕಾರ್ಯಕ್ರಮದಲ್ಲಿ ಆ ಮಾತ್ರೆ ಕೊಡುವುದು ನಾಲ್ಕನೇ ತಿಂಗಳಿಂದ. ಮೊದಲ ಮೂರು ತಿಂಗಳು ಫೋಲಿಕ್ ಆಸಿಡ್ ಮಾತ್ರ. ಕಬ್ಬಿಣಾಂಶ ಖಾಲಿ ಹೊಟ್ಟೆಯಲ್ಲಿ ಹೊಟ್ಟೆ ತೊಳಸುವುದನ್ನು ಇನ್ನಷ್ಟು ಕೆರಳಿಸುತ್ತದೆ.

ನೀರು? ಬಾಟಲಿ ಬೆಳಿಗ್ಗೆ ತುಂಬಿದ್ದು ಸಂಜೆಗೂ ತುಂಬಿಯೇ ಇರುತ್ತಿತ್ತಂತೆ, ಆಮೇಲೆ ತರುವುದನ್ನೇ ಬಿಟ್ಟಿದ್ದಳು. ಕುಡಿದರೆ ಮೂತ್ರಕ್ಕೆ ಏಳಬೇಕು, ಟೋಕನ್ ವಾಂತಿಗೇ ಸಾಲುತ್ತಿಲ್ಲ. ನೀರು ಕಡಿಮೆಯಾದಷ್ಟೂ ವಾಕರಿಕೆ ಹೆಚ್ಚುತ್ತದೆ, ವಾಂತಿಯಾದಷ್ಟೂ ನೀರು ಕಡಿಮೆಯಾಗುತ್ತದೆ. ಟೋಕನ್ ಪದ್ಧತಿ ಆ ಸುತ್ತಿನ ಒಳಗೆ ಕೂತಿತ್ತು.

ಅತ್ತೆಯ ಮಾತು

ಸಂಜೆ ಮನೆಗೆ ಹೋದೆ. ಅತ್ತೆ ಜಗಳೂರು ಕಡೆಯವರು, ಕೂಲಿ ಮಾಡಿ ಮೂರು ಮಕ್ಕಳನ್ನು ಹೆತ್ತವರು. ‘ನಾವೇನು ಬಸುರಾಗಿರ್ಲಿಲ್ವಾ ಮೇಡಂ? ಹೊಲ್ದಾಗೆ ಕಳೆ ತೆಗೀತಾ ತೆಗೀತಾ ವಾಂತಿ ಮಾಡ್ಕೊಂಡು, ಬಾಯಿ ಮುಕ್ಕಳಿಸಿ ಮತ್ತೆ ಕುಕ್ಕರಿಸ್ತಿದ್ವಿ. ಈಗಿನ ಹುಡುಗ್ರಿಗೆ ಮನಸ್ಸೇ ಗಟ್ಟಿ ಇಲ್ಲ.’

ಈ ಮಾತು ಕೇಳಿ ಸಿಟ್ಟಾಗುವವರಿದ್ದಾರೆ. ನನಗೆ ಅದರಲ್ಲಿ ಉಪಯೋಗದ ಮಾಹಿತಿ ಕಂಡಿತು. ಹೊಲದಲ್ಲಿ ಗಾಳಿ ಇತ್ತು. ಬದುವಿನ ಮೇಲೆ ಐದು ನಿಮಿಷ ಕೂರಬಹುದಿತ್ತು. ಸೆರಗಿನಲ್ಲಿ ಒಂದು ಹಿಡಿ ಹುರಿಗಡಲೆಯೋ ಮಂಡಕ್ಕಿಯೋ ಇರುತ್ತಿತ್ತು, ಬೇಕೆಂದಾಗ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಒಬ್ಬಳು ಹಿಂದೆ ಬಿದ್ದರೆ ಪಕ್ಕದ ಸಾಲಿನವಳು ಅವಳ ಸಾಲನ್ನೂ ಸ್ವಲ್ಪ ಎಳೆದುಕೊಳ್ಳುತ್ತಿದ್ದಳು. ಎಷ್ಟು ಪೀಸ್ ಆಯಿತೆಂದು ಗಂಟೆಗೊಮ್ಮೆ ಬೋರ್ಡಿನ ಮೇಲೆ ಯಾರೂ ಸಂಖ್ಯೆ ಬರೆಯುತ್ತಿರಲಿಲ್ಲ. ಕೂಲಿ ಕೆಲಸ ಸುಖದ್ದು ಅಂತ ನಾನು ಹೇಳುತ್ತಿಲ್ಲ. ವಾಂತಿ ಇಟ್ಟುಕೊಂಡು ಮಾಡುವುದಕ್ಕೆ ಬೇಕಾದ ನಾಲ್ಕಾರು ಸಣ್ಣ ಅನುಕೂಲ ಅಲ್ಲಿದ್ದವು, ಲೈನಿನಲ್ಲಿ ಇಲ್ಲ. ಅತ್ತೆಗೆ ಹಾಗೆಯೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದೂ ಹೌದು’ ಅಂದರು.

ಮನಸ್ಸು ಗಟ್ಟಿ ಇಲ್ಲ, ಪಿತ್ತ, ನಾಟಕ, ಈ ಮೂರೂ ವಿವರಣೆ ನಮ್ಮಲ್ಲಿ ಚಾಲ್ತಿಯಲ್ಲಿವೆ. 2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಸಂಶೋಧನೆ ಇದಕ್ಕೆ ಉತ್ತರ ಕೊಟ್ಟಿದೆ. ಮಗು ಮತ್ತು ಮಾಸಿನ ಕಡೆಯಿಂದ ಜಿಡಿಎಫ್15 ಎಂಬ ಹಾರ್ಮೋನು ತಾಯಿಯ ರಕ್ತಕ್ಕೆ ಬಂದು ಮಿದುಳಿನ ವಾಂತಿ ಕೇಂದ್ರವನ್ನು ತಟ್ಟುತ್ತದೆ. ಬಸುರಿಗೆ ಮುಂಚೆ ಯಾರ ಮೈಯಲ್ಲಿ ಅದು ಕಡಿಮೆ ಇತ್ತೋ ಅವರಿಗೆ ಆ ಏರಿಕೆ ಹೆಚ್ಚು ತೊಂದರೆ ಕೊಡುತ್ತದೆ. ಅತ್ತೆಗೆ ತಡೆಯುವಂತಿದ್ದದ್ದು ಸೊಸೆಗೆ ತಡೆಯದಿರಲು ಹಠ, ಛಲ ಯಾವುದೂ ಕಾರಣವಾಗಬೇಕಿಲ್ಲ.

ಕುಸಿದ ದಿನ

ಮಾತ್ರೆಯನ್ನು ರಾತ್ರಿಗೆ ಬದಲಿಸುವ ವಿಚಾರ ವೈದ್ಯರನ್ನು ಕೇಳಿ ಬರಲಿ ಎಂದು ಕಳಿಸುವಷ್ಟರಲ್ಲಿ, ವಾರದ ಮೊದಲ ದಿನವೇ ಆಕೆ ಲೈನಿನಲ್ಲಿ ಕುಸಿದು ಕೂತಳು. ನಮ್ಮ ನರ್ಸ್ ಮೊದಲು ಕೇಳಿದ್ದು ಮೂತ್ರ ಯಾವಾಗ ಆಯಿತು ಎಂದು. ಹಿಂದಿನ ರಾತ್ರಿ ಆಗಿದ್ದು, ಅದೂ ಸ್ವಲ್ಪ, ಕಡು ಹಳದಿ. ನೀರು ಕುಡಿದರೂ ನಿಲ್ಲುತ್ತಿರಲಿಲ್ಲ. ಆಮೇಲೆ ತೂಕ ನೋಡಿದರು. ವರ್ಷದ ಆರೋಗ್ಯ ತಪಾಸಣೆಯ ಕಾರ್ಡಿನಲ್ಲಿ 47 ಕಿಲೋ ಇತ್ತು, ಆ ದಿನ 44. ಬಸುರಿಗೆ ಮುಂಚಿನ ತೂಕದಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚು ಇಳಿದರೆ ಅದು ಮಾಮೂಲಿ ಬಸುರಿ ವಾಂತಿಯ ಲೆಕ್ಕ ದಾಟಿತು ಎಂದು ಹಿಡಿಯುತ್ತಾರೆ. 47ಕ್ಕೆ ಅದು ಎರಡೂಕಾಲು ಕಿಲೋ ಚಿಲ್ಲರೆ, ಈಕೆ ಮೂರು ಇಳಿದಿದ್ದಳು. ಆ ಹಳೇ ಕಾರ್ಡ್ ಇಲ್ಲದಿದ್ದರೆ ‘ಮೊದಲಿಂದ್ಲೂ ತೆಳ್ಳಗೇ ಇದ್ಲು’ ಎಂದು ಬಿಟ್ಟುಬಿಡುತ್ತಿದ್ದರೇನೋ.

ನರ್ಸ್ ಬಳಸಿದ ಇನ್ನೊಂದು ಅಳತೆ ಪಿ.ಯು.ಕ್ಯೂ.ಇ. ಎಂಬ ಮೂರು ಪ್ರಶ್ನೆಯದು: ಕಳೆದ 24 ಗಂಟೆಯಲ್ಲಿ ಎಷ್ಟು ಹೊತ್ತು ಹೊಟ್ಟೆ ತೊಳಸಿತು, ಎಷ್ಟು ಸಲ ವಾಂತಿಯಾಯಿತು, ಎಷ್ಟು ಸಲ ಏನೂ ಬಾರದೆ ಬರೀ ಓಕರಿಕೆ ಬಂತು. ಒಂದೊಂದಕ್ಕೂ 1ರಿಂದ 5 ಅಂಕ. ಒಟ್ಟು 6ರವರೆಗೆ ಹಗುರ, 7ರಿಂದ 12 ಮಧ್ಯಮ, 13 ಅಥವಾ ಹೆಚ್ಚಾದರೆ ತೀವ್ರ. ಆ ದಿನ ಈಕೆಯದು 13. ಅಂಕ ಬರೆದಿಟ್ಟ ಮೇಲೆ ‘ನಾಟಕ’ ಎಂಬ ಮಾತು ನಮ್ಮ ಕಚೇರಿಯಲ್ಲಿ ಮತ್ತೆ ಕೇಳಿಸಲಿಲ್ಲ. ಸಂಖ್ಯೆಗೆ ಪ್ರೊಡಕ್ಷನ್ ವಿಭಾಗದವರು ಕೊಡುವ ಮರ್ಯಾದೆ ಬೇರೆಯೇ.

ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡರು. ಮೂತ್ರದಲ್ಲಿ ಕೀಟೋನ್ ಇತ್ತು, ಅಂದರೆ ಮೈ ತನ್ನ ಕೊಬ್ಬನ್ನೇ ಸುಟ್ಟುಕೊಳ್ಳುತ್ತಿತ್ತು. ಮೂತ್ರದ ಸೋಂಕು ಇಲ್ಲ. ಸ್ಕ್ಯಾನಿಂಗ್‌ನಲ್ಲಿ ಒಂದೇ ಮಗು, ಎದೆಬಡಿತ ಸರಿ, ಒಂಬತ್ತು ವಾರ. ಅವಳಿ ಇದ್ದರೆ, ಅಥವಾ ಗರ್ಭದ ಬದಲು ದ್ರಾಕ್ಷಿಗೊಂಚಲಿನಂತೆ ಗಡ್ಡೆ ಬೆಳೆದಿದ್ದರೆ ವಾಂತಿ ಹೀಗೆ ಮಿತಿ ಮೀರುವುದುಂಟು, ಅದಕ್ಕೇ ಸ್ಕ್ಯಾನ್.

ಗಂಡ ಒಂದೇ ಸಮನೆ ‘ಗ್ಲೂಕೋಸ್ ಹಾಕ್ರಿ’ ಎನ್ನುತ್ತಿದ್ದ. ನಮ್ಮ ಕಡೆ ಸುಸ್ತು ಅಂದರೆ ಗ್ಲೂಕೋಸ್ ಬಾಟಲಿ. ವೈದ್ಯೆ ಹಾಕಿಸಿದ್ದು ಉಪ್ಪಿನಂಶದ ಸಲೈನ್, ಅದರ ಜತೆ ಬಿ1 ಇಂಜೆಕ್ಷನ್. ವಾರಗಟ್ಟಲೆ ವಾಂತಿ ಮಾಡಿಕೊಂಡವರ ಮೈಯಲ್ಲಿ ಬಿ1 ಜೀವಸತ್ವ ಬತ್ತಿರುತ್ತದೆ, ಅದನ್ನು ಕೊಡದೆ ಮೊದಲೇ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಬೀಳಬಹುದು ಎಂದು ಆತನಿಗೆ ಬಿಡಿಸಿ ಹೇಳಿದರು. ವಾಂತಿ ತಡೆಯಲು ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಒಂಡಾನ್‌ಸೆಟ್ರಾನ್ ಮಾತ್ರೆಯ ಬಗ್ಗೆ, ಮೊದಲಿನ ಔಷಧಿ ಹಿಡಿಯದಿದ್ದರೆ ಆಮೇಲೆ ತಾವೇ ಯೋಚಿಸುವುದಾಗಿ ತಿಳಿಸಿ, ಲೈನಿನ ಗೆಳತಿಯರ ಪರ್ಸಿನಿಂದ ಇಸಕೊಂಡು ನುಂಗಬಾರದು ಎಂದು ತಾಕೀತು ಮಾಡಿದರು.

ವೈದ್ಯೆಯ ಚೀಟಿಯಲ್ಲಿ ವಾಂತಿ ಮಾತ್ರೆ ರಾತ್ರಿ ಮಲಗುವಾಗ ಎರಡು, ಹಗಲು ಬೇಕಾದರೆ ಮನೆಯಲ್ಲಿದ್ದಾಗ ಮಾತ್ರ, ಕೆಂಪು ಮಾತ್ರೆ ನಾಲ್ಕನೇ ತಿಂಗಳವರೆಗೆ ಬೇಡ ಎಂದಿತ್ತು. ಹೊಟ್ಟೆಗೆ ಏನು ಎಂಬುದನ್ನು ಮನೆಯವರೇ ಹೊಂದಿಸಿಕೊಂಡರು. ಇಂಗ್ಲಿಷ್ ಪುಸ್ತಕಗಳಲ್ಲಿ ಹಾಸಿಗೆ ಪಕ್ಕ ಬಿಸ್ಕತ್ತು ಇಟ್ಟುಕೊಳ್ಳಿ ಎಂದಿರುತ್ತದೆ. ದಾವಣಗೆರೆಯಲ್ಲಿ ಮಂಡಕ್ಕಿ ಇರುವಾಗ ಬಿಸ್ಕತ್ತು ಯಾಕೆ? ಎಣ್ಣೆ, ಖಾರ ಹಚ್ಚದ ಬರೀ ಮಂಡಕ್ಕಿ, ತುಸು ಉಪ್ಪಿನದು, ವಾಸನೆಯೇ ಇಲ್ಲ. ಗಂಡ ರಾತ್ರಿ ಒಂದು ಡಬ್ಬಿ ತುಂಬಿ ತಲೆದಿಂಬಿನ ಪಕ್ಕ ಇಡುತ್ತಿದ್ದ. ಏಳುವ ಮುಂಚೆ ಮಲಗಿದ್ದ ಹಾಗೆಯೇ ಎರಡು ಹಿಡಿ, ಕಾಲು ಗಂಟೆ ಬಿಟ್ಟು ಏಳುವುದು. ಹಲ್ಲುಜ್ಜುವುದು ಆಮೇಲೆ. ತಳ್ಳುಗಾಡಿಯ ಅಂಗಿಯನ್ನು ಆತ ನಲ್ಲಿ ಕಟ್ಟೆಯಲ್ಲೇ ಕಳಚಿ, ಮೈ ತೊಳೆದು ಒಳಗೆ ಬರತೊಡಗಿದ. ಒಗ್ಗರಣೆ ಕೆಲಸವನ್ನು ಸೊಸೆ ವ್ಯಾನ್ ಹತ್ತಿದ ಮೇಲೆ ಮಾಡುವುದಾಗಿ ಅತ್ತೆ ತಾವಾಗಿಯೇ ಒಪ್ಪಿಕೊಂಡರು. ಬಿಸಿ ಅನ್ನದ ಹಬೆ ತಾಳದು, ತಣ್ಣಗಿನ ಮೊಸರನ್ನ, ಕಟಕಲು ರೊಟ್ಟಿ, ತಿಳಿ ಮಜ್ಜಿಗೆ ತಾಳುತ್ತಿತ್ತು. ಶುಂಠಿ ಚೂರಿಗೆ ಉಪ್ಪು ಹಚ್ಚಿ ಬಾಯಲ್ಲಿಟ್ಟುಕೊಂಡರೆ ಹೊಟ್ಟೆ ತೊಳಸುವುದು ಸ್ವಲ್ಪ ತಗ್ಗುತ್ತಿತ್ತಂತೆ, ವಾಂತಿ ಮಾತ್ರ ಅದಕ್ಕೆ ಬಗ್ಗಲಿಲ್ಲ.

ಕಾರ್ಖಾನೆ ಒಳಗೆ

ಮೊದಲು ರಜೆ. ಹಾಜರಾತಿ ನೋಡುವ ಟೈಮ್ ಆಫೀಸಿನವರು ಆಸ್ಪತ್ರೆ ದಿನಗಳನ್ನೂ ಆಮೇಲಿನ ವಿಶ್ರಾಂತಿಯನ್ನೂ ಸಂಬಳವಿಲ್ಲದ ರಜೆಗೆ ಹಾಕಿದ್ದರು. ಆಗ ಹೇಳಿದ ಒಂದೇ ಒಂದು ಅವಕಾಶ ಇಲ್ಲಿ ಬಂತು: ಬಸುರಿನಿಂದ ಉಂಟಾದ ಕಾಯಿಲೆಗೆ, 26 ವಾರದ ಹೊರತಾಗಿ, ಒಂದು ತಿಂಗಳವರೆಗೆ ಹೆಚ್ಚುವರಿ ಸೌಲಭ್ಯ ಸಿಗುತ್ತದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ಇದು ಇತ್ತು, ಇಎಸ್‌ಐ ವ್ಯಾಪ್ತಿಯವರಿಗೆ ಇಎಸ್‌ಐ ನಿಯಮದಲ್ಲಿಯೇ ಇದೆ. ವಂತಿಗೆ ಕಟ್ಟಿದ ದಿನ ಕನಿಷ್ಠ 70 ಇರಬೇಕು, ಇಎಸ್‌ಐ ವೈದ್ಯರ ಪ್ರಮಾಣಪತ್ರ ಬೇಕು. ಮಾಮೂಲಿ ಕಾಯಿಲೆ ರಜೆಗೆ ಇಎಸ್‌ಐ ಕೊಡುವುದು ಕೂಲಿಯ ನೂರಕ್ಕೆ 70, ಇದಕ್ಕೆ ಪೂರ್ತಿ. ಪ್ರಮಾಣಪತ್ರದಲ್ಲಿ ಬರೀ ‘ವಾಂತಿ, ನಿಶ್ಶಕ್ತಿ’ ಎಂದಿದ್ದರೆ ಮಾಮೂಲಿ ಲೆಕ್ಕಕ್ಕೆ ಹೋಗುತ್ತದೆ. ‘ಬಸುರಿನಿಂದ ಉಂಟಾದ’ ಎಂಬುದು ಅದರಲ್ಲಿ ಕಾಣಬೇಕು. ಈಕೆ ಒಟ್ಟು 12 ದಿನ ಬಳಸಿದಳು. ಹೀಗೊಂದು ಸೌಲಭ್ಯವಿದೆ ಎಂದು ಲೈನಿನಲ್ಲಿ ಕೇಳಿದವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಜಾಗ ಬದಲಿಸುವುದು ಸುಲಭವಾಯಿತು. ಐರನ್ ಸೆಕ್ಷನ್‌ನಿಂದ ದೂರ, ಬಾಗಿಲ ಪಕ್ಕ ಮಷೀನ್. ಕಾಲರ್ ಕೆಲಸದ ವೇಗ ಬೇಡವೆಂದು ಕೆಲವು ವಾರ ದಾರ ಕತ್ತರಿಸುವ ಟ್ರಿಮ್ಮಿಂಗ್‌ಗೆ ಹಾಕಿದರು, ಟೈಲರ್ ದರ್ಜೆಯ ಕೂಲಿ ಇಳಿಸದೆ. ಆ ಕೊನೆಯ ಮಾತನ್ನು ಬರವಣಿಗೆಯಲ್ಲಿ ತೆಗೆದುಕೊಂಡೆ. ಬಾಯಿಮಾತಿನ ದಯೆ ಸಂಬಳದ ದಿನ ಮರೆತುಹೋಗುತ್ತದೆ.

ಜಗಳವಾದದ್ದು ಟೋಕನ್ ಮೇಲೆ. ಪ್ರೊಡಕ್ಷನ್ ಮ್ಯಾನೇಜರ್ ಆಕೆಗೊಬ್ಬಳಿಗೆ ವಿನಾಯಿತಿ ಕೊಡಲು ಸಿದ್ಧರಿದ್ದರು. ‘ಎಲ್ರಿಗೂ ಬಿಟ್ರೆ ಲೈನ್ ನಿಲ್ಲುತ್ತೆ ಮೇಡಂ.’ ನಾನು ಒಪ್ಪಲಿಲ್ಲ. ಒಬ್ಬಳೇ ಟೋಕನ್ ಇಲ್ಲದೆ ಎದ್ದು ಹೋದರೆ ಮಧ್ಯಾಹ್ನದೊಳಗೆ ಇಡೀ ಫ್ಲೋರಿಗೆ ವಿಷಯ ಗೊತ್ತಾಗುತ್ತದೆ, ಆಕೆ ಮುಚ್ಚಿಡಬೇಕೆಂದಿದ್ದೇ ಅದನ್ನು. ಮುಂದಿನ ಹೆಣ್ಣುಮಗಳು ಆ ಭಯಕ್ಕೇ ವಿನಾಯಿತಿ ಕೇಳುವುದಿಲ್ಲ. ‘ನಾನು ಬಸುರಿ’ ಎಂದು ಹೇಳಿಕೊಂಡವರಿಗೆ ಮಾತ್ರ ಸಿಗುವ ಅನುಕೂಲ ಏಳನೇ ವಾರದಲ್ಲಿ ಯಾರಿಗೂ ತಲುಪದು. ಕಡೆಗೆ ಆ ಒಂದು ಲೈನಿನಲ್ಲಿ ಎಲ್ಲರಿಗೂ ಟೋಕನ್ ತೆಗೆದು ನೋಡುವುದೆಂದಾಯಿತು. ಎದ್ದವರ ಜಾಗಕ್ಕೆ ಕೂರಲು ಒಬ್ಬ ಹೆಚ್ಚುವರಿ ಟೈಲರ್ ಕೊಟ್ಟರು. ಬೋರ್ಡಿನ ಸಂಖ್ಯೆ ಬೀಳಲಿಲ್ಲ. ಕಾಲರ್ ಕೂಡಿಸುವ ಹೊಸಬರನ್ನು ತಯಾರು ಮಾಡಲು ತಿಂಗಳುಗಳು ಬೇಕು ಎಂಬ ಲೆಕ್ಕವನ್ನು ಮ್ಯಾನೇಜರ್ ತಾವೇ ಹಾಕಿಕೊಂಡಿದ್ದರು ಎಂದು ಆಮೇಲೆ ತಿಳಿಯಿತು. ನನ್ನ ವಾದಕ್ಕಿಂತ ಅದೇ ಹೆಚ್ಚು ಕೆಲಸ ಮಾಡಿರಬೇಕು.

ಎಲ್ಲರೂ ಖುಷಿಪಟ್ಟರು ಅನ್ನಲಾರೆ. ಚೆಕಿಂಗ್‌ನಲ್ಲಿ ನಿಂತು ಕೆಲಸ ಮಾಡುವ ಹಿರಿಯ ಹೆಣ್ಣುಮಗಳೊಬ್ಬರು ನನ್ನ ಕಚೇರಿಗೇ ಬಂದರು. ‘ನಾವೂ ಎರಡು ಹೆತ್ತೀವಿ ಮೇಡಂ, ಇದೇ ಟೇಬಲ್ ಮುಂದೆ ನಿಂತ್ಕೊಂಡು. ನಮಗ್ಯಾರು ಕುರ್ಚಿ ಹಾಕಿದ್ರು?’ ಕಾಲಿನ ಉಬ್ಬಿದ ನರ ತೋರಿಸಿದರು. ಅವರ ಪ್ರಶ್ನೆ ಬಸುರಿನದ್ದಲ್ಲ, ಕುರ್ಚಿಯದು. ಅದಕ್ಕೆ ಬೇರೆ ಅರ್ಜಿ ಹಾಕಿದ್ದೇವೆ, ಇನ್ನೂ ಕುರ್ಚಿ ಬಂದಿಲ್ಲ.

ಆಮೇಲೆ

ಕೆಲಸಕ್ಕೆ ಮರಳಿ ಒಂದು ವಾರಕ್ಕೆ ಆಕೆಯ ಅಂಕ 8. ವಾಂತಿ ನಿಂತಿರಲಿಲ್ಲ, ಆದರೆ ಕುಡಿದ ನೀರು ನಿಲ್ಲುತ್ತಿತ್ತು. ಓಆರ್‌ಎಸ್ ಬಾಟಲಿಯನ್ನು ಗುಟುಕು ಗುಟುಕಾಗಿ ಮಧ್ಯಾಹ್ನದೊಳಗೆ ಮುಗಿಸುತ್ತಿದ್ದಳು. ಹತ್ತು ಗಂಟೆಗೂ ಮೂರೂವರೆಗೂ ಐದೈದು ನಿಮಿಷ ಎದ್ದು ಏನಾದರೂ ತಿನ್ನುತ್ತಿದ್ದಳು. ನರ್ಸ್ ವಾರಕ್ಕೊಮ್ಮೆ ತೂಕ ಬರೆದರು. ಒಂದು ದಿನ ಪೂರ್ತಿ ನೀರೂ ನಿಲ್ಲದಿದ್ದರೆ, ಎಂಟು ಗಂಟೆ ಮೂತ್ರ ಆಗದಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ, ಜ್ವರವೋ ಹೊಟ್ಟೆನೋವೋ ಬಂದರೆ, ಕಣ್ಣು ಮಂಜಾಗಿ ಮಾತು ತಡವರಿಸಿದರೆ ವ್ಯಾನಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು ಎಂದು ಗಂಡನ ಮೊಬೈಲಿನಲ್ಲಿ ಧ್ವನಿ ಸಂದೇಶವಾಗಿಯೇ ಕಳಿಸಿದ್ದರು.

14ನೇ ವಾರಕ್ಕೆ ಅಂಕ 5, ತೂಕ 46. ಆಕೆ ಲೈನಿನವರಿಗೆ ತಾನಾಗಿಯೇ ಹೇಳಿದ್ದು ಅದಾದ ಮೇಲೆ. ಕೆಂಪು ಮಾತ್ರೆ ಊಟದ ನಂತರ ಶುರುವಾಯಿತು, ಕಾಲರ್ ಮಷೀನ್‌ಗೆ ವಾಪಸಾದಳು. ಹೆರಿಗೆಗೆ ಮುಂಚಿನ 8 ವಾರದ ರಜೆಯಲ್ಲಿ ಆರನ್ನು ಮಾತ್ರ ಬಳಸಿ, ಉಳಿದದ್ದನ್ನು ಮಗು ಹುಟ್ಟಿದ ಮೇಲಕ್ಕೆ ಇಟ್ಟುಕೊಂಡಳು. ಹೆಣ್ಣು ಮಗು, ಸಹಜ ಹೆರಿಗೆ.

ಆ ಲೈನಿನ ಜತೆ ಬೇರೆ ಎರಡು ಲೈನಿನಲ್ಲೂ ಈಗ ಟೋಕನ್ ಇಲ್ಲ, ಉಳಿದ ಲೈನಿನಲ್ಲಿ ಇದೆ. ಆಕೆ ಆಸ್ಪತ್ರೆಯಲ್ಲಿದ್ದ ತಿಂಗಳ ಹಾಜರಾತಿ ಬೋನಸ್ ಬರಲಿಲ್ಲ. ಇಎಸ್‌ಐ ರಜೆಯನ್ನೂ ಗೈರುಹಾಜರಿ ಎಂದೇ ಲೆಕ್ಕ ಹಾಕಿದ್ದಾರೆ. ‘ನಿಯಮ ಎಲ್ಲರಿಗೂ ಒಂದೇ’ ಎಂಬ ಒಂದು ಸಾಲಿನ ಉತ್ತರ ಬಂದಿದೆ, ಅದಕ್ಕೆ ಇನ್ನೊಂದು ಪತ್ರ ಬರೆದಿದ್ದೇನೆ.